ಸೀರೆ ವಾಪಸ್ ಬಂದಿದೆ, ಗೆಳತಿ ಫೋನ್ ಎತ್ತುತ್ತಿಲ್ಲ



ನಾನು ಅಂದೋಲಾದ ಸೊಸೆ. ತೊಗರಿ ರಾಶಿ ನಡೆದಾಗ ನಮ್ಮ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಚಹಾದ ಬಟ್ಟಲು ಬಲಗೈಯಿಂದ ಜಾರಿ ಬಿತ್ತು, ಬಾಯಿ ಒಂದು ಕಡೆ ವಾಲಿತು, ಮಾತು ತೊದಲಿತು. ಮನೆಯಲ್ಲಿ ಒಬ್ಬರು ಎಣ್ಣೆ ತಿಕ್ಕಿಸೋಣ ಎಂದರು, ಇನ್ನೊಬ್ಬರು ನಾಟಿ ಔಷಧಿ ಕೊಡುವವರ ಹತ್ತಿರ ಒಯ್ಯೋಣ ಎಂದರು. ನನಗೆ ತೋಚದೆ ಪಿಯುಸಿಯಲ್ಲಿ ಜೊತೆಗೆ ಓದಿದ ಗೆಳತಿಗೆ ಫೋನ್ ಮಾಡಿದೆ. ಆಕೆ ಕಲಬುರಗಿಯ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ನರ್ಸು. "ಎಣ್ಣಿ ಗಿಣ್ಣಿ ಏನೂ ಬ್ಯಾಡ, ಈಗಿಂದೀಗ ಗಾಡಿ ಹತ್ತಸು. ಬಾಯಾಗ ನೀರು ಸುದ್ದಾ ಹಾಕಬ್ಯಾಡ. ರೇಷನ್ ಕಾರ್ಡು, ಆಧಾರ್ ಕಾರ್ಡು ಮರೀಬ್ಯಾಡ" ಎಂದಳು. ನಾವು ಮುಟ್ಟುವುದರೊಳಗೆ ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಸ್ಕ್ಯಾನ್ ಮಾಡಿಸಿ ಸೂಜಿ ಹಾಕಿದರು. ಡಾಕ್ಟರು "ಟೈಮಿಗೆ ಬಂದೀರಿ" ಎಂದರು.

ಇನ್ನೊಬ್ಬ ಗೆಳತಿ ಕಲಬುರಗಿಯಲ್ಲೇ ಒಂದು ಪ್ರೈವೇಟ್ ದವಾಖಾನೆಯಲ್ಲಿ ನರ್ಸು. ನೈಟ್ ಡ್ಯೂಟಿ ಮುಗಿಸಿ ಬಂದು ಅತ್ತೆಯವರ ಮೈ ಒರೆಸಿ, ಮಗ್ಗಲು ಬದಲಿಸಿ, ನನಗೆ ಎಲ್ಲ ಕಲಿಸಿ ಹೋಗುತ್ತಿದ್ದಳು. ಈಗ ಅತ್ತೆಯವರು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ.

ಪಂಚಮಿಗೆ ಇಬ್ಬರಿಗೂ ಇಳಕಲ್ ಸೀರೆ, ಲಕೋಟೆಯಲ್ಲಿ ಐದೈದು ಸಾವಿರ ಇಟ್ಟು ಮೈದುನನ ಕೈಯಲ್ಲಿ ಕಳಿಸಿದೆ. ಪ್ರೈವೇಟಿನವಳು ಸೀರೆ ಇಟ್ಟುಕೊಂಡು ಹಣ ತಿರುಗಿ ಕೊಟ್ಟಳು. ಸರ್ಕಾರಿ ದವಾಖಾನೆಯವಳು ಎರಡನ್ನೂ ವಾಪಸ್ ಕಳಿಸಿದಳು. ಯಜಮಾನರು "ಅವರ ಕೆಲಸಾನೇ ಅದು, ಸರ್ಕಾರ ಪಗಾರ ಕೊಡ್ತದ, ನೀ ಯಾಕ ತಲಿ ಕೆಡಿಸ್ಕೋತಿ" ಅನ್ನುತ್ತಾರೆ. ಈ ನಡುವೆ ನಮ್ಮ ಬೀಗರು, ನೆರೆಯವರು ಎಲ್ಲರೂ ಆಕೆಯ ನಂಬರ್ ಕೇಳಿದರು, ಕೊಟ್ಟೆ. ಈಗ ನಾನು ಮಾಡಿದರೂ ಆಕೆ ಫೋನ್ ಎತ್ತುತ್ತಿಲ್ಲ. ಆಕೆ ನಮ್ಮೂರಿನವಳೇ, ಕೆಳಗಿನ ಓಣಿಯವಳು. ಮೊದಲು ನಮ್ಮ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು, ಅತ್ತೆಯವರು ಹಳೇ ಕಾಲದವರು. ಈಗ ಅವರೇ "ಆ ಹುಡುಗಿ ಎಲ್ಲಿ ಹ್ವಾದ್ಳು" ಅಂತ ಕೇಳುತ್ತಾರೆ. ಇಬ್ಬರ ಋಣ ಹೇಗೆ ತೀರಿಸಲಿ? ಏನು ಕೊಟ್ಟರೆ ಒಪ್ಪುತ್ತಾಳೆ?

— ಹೆಸರು ಬೇಡ, ಅಂದೋಲಾ, ಜೇವರ್ಗಿ ತಾಲೂಕು

ತಂಗಿ,

ಮೊದಲು ನಿಮ್ಮ ಯಜಮಾನರ ಮಾತನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಆ ವಾರ್ಡಿನಲ್ಲಿ ಡ್ಯೂಟಿ ಮೇಲಿದ್ದ ನರ್ಸು ಸಲಾಯಿನ್ ಹಚ್ಚಿದ್ದು, ಬಿಪಿ ನೋಡಿದ್ದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟಿದ್ದು ಅವರ ಕೆಲಸ. ಅದಕ್ಕೆ ಪಗಾರ ಇದೆ. ಅದರ ಮೇಲೆ ದುಡ್ಡು ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ಆದರೆ ನಿಮ್ಮ ಗೆಳತಿಯರು ಆ ವಾರ್ಡಿನವರಲ್ಲ. ಒಬ್ಬಳು ಹೆರಿಗೆ ವಾರ್ಡಿನವಳು, ಇನ್ನೊಬ್ಬಳ ದವಾಖಾನೆಯೇ ಬೇರೆ. ಅತ್ತೆಯವರ ಮಂಚದ ಹತ್ತಿರ ನಿಂತಾಗ ಇಬ್ಬರಿಗೂ ಯಾರೂ ಪಗಾರ ಕೊಡುತ್ತಿರಲಿಲ್ಲ. ಇದನ್ನು ಯಜಮಾನರಿಗೆ ಜಗಳವಿಲ್ಲದೆ ಹೇಳಿ.

ಆ ಮೊದಲ ಫೋನಿನಲ್ಲಿ ಆಕೆ ಹೇಳಿದ್ದರ ತೂಕವನ್ನೂ ಹೇಳಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಆಗುವ ಲಕ್ವಾಕ್ಕೆ, ಆ ಹೆಪ್ಪನ್ನು ಕರಗಿಸುವ ಸೂಜಿ ಇದೆ. ಅದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಏಕೆಂದರೆ ಒಳಗೆ ರಕ್ತಸ್ರಾವ ಆಗಿದ್ದರೆ ಅದೇ ಸೂಜಿ ಜೀವಕ್ಕೆ ಅಪಾಯ. ಅಂದೋಲಾದಿಂದ ಜೇವರ್ಗಿ, ಅಲ್ಲಿಂದ ಕಟ್ಟಿಸಂಗಾವಿಯಲ್ಲಿ ಭೀಮೆಯ ಸೇತುವೆ ದಾಟಿ ಕಲಬುರಗಿ. ಈ ದಾರಿಗೇ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಜಮಾನರಿಗೆ ಗೊತ್ತು. ಎಣ್ಣೆ ತಿಕ್ಕಿಸುವುದರಲ್ಲಿ ಮಧ್ಯಾಹ್ನವಾಗಿದ್ದರೆ ಡಾಕ್ಟರು "ಟೈಮಿಗೆ ಬಂದೀರಿ" ಎನ್ನುತ್ತಿರಲಿಲ್ಲ. "ಬಾಯಾಗ ನೀರು ಸುದ್ದಾ ಹಾಕಬ್ಯಾಡ" ಎಂದದ್ದಕ್ಕೂ ಕಾರಣವಿದೆ. ಲಕ್ವಾ ಆದವರಲ್ಲಿ ಎಷ್ಟೋ ಮಂದಿಗೆ ನುಂಗುವ ಶಕ್ತಿ ಕುಂದಿರುತ್ತದೆ. ನಾವು ಜೀವ ತಡೆಯದೆ ಹಾಕುವ ಎರಡು ಚಮಚ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಷ್ಟೋ ಮನೆಗಳಲ್ಲಿ ಲಕ್ವಾದಿಂದ ಉಳಿದವರು ಇದರಿಂದ ಹೋಗುತ್ತಾರೆ. ಇನ್ನು ರೇಷನ್ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕಾರ್ಡು ಮನೆಯ ಟ್ರಂಕಿನಲ್ಲಿ, ಮಂದಿ ದವಾಖಾನೆಯಲ್ಲಿ ಎಂದಾದರೆ ಒಬ್ಬರು ಮತ್ತೆ ಊರಿಗೆ ಓಡಬೇಕು. ಒಂದು ನಿಮಿಷದ ಫೋನಿನಲ್ಲಿ ಇಷ್ಟನ್ನೂ ಆಕೆ ಹೇಳಿದ್ದಾಳೆ.

ಆಕೆ ಬಾಗಿಲಲ್ಲಿ ನಿಂತದ್ದೂ ಸಣ್ಣದಲ್ಲ. ಕಲಬುರಗಿಯಲ್ಲಿ ಈಗ ದೊಡ್ಡ ದವಾಖಾನೆಗಳಿಗೆ ಬರವಿಲ್ಲ. ಜಿಮ್ಸ್ ಇದೆ, ಇಎಸ್‌ಐ ದವಾಖಾನೆ ಇದೆ, ಕ್ಯಾನ್ಸರಿಗೆ ಕಿದ್ವಾಯಿ ಇದೆ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹೋದವರಿಗೆ ತೊಂದರೆ ಶುರುವಾಗುವುದು ಗೇಟಿನ ಒಳಗೆ ಕಾಲಿಟ್ಟ ಮೇಲೆ. ಚೀಟಿ ಎಲ್ಲಿ, ಸ್ಕ್ಯಾನ್ ಎಲ್ಲಿ, ಯಾವ ಕಾಗದದ ಮೇಲೆ ಯಾರ ಸಹಿ, ಯಾರನ್ನು ಕೇಳಬೇಕು ಒಂದೂ ತಿಳಿಯುವುದಿಲ್ಲ. ಪರಿಚಯದ ನರ್ಸೊಬ್ಬರು ಬಾಗಿಲಲ್ಲಿ ನಿಂತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. (ಅಂಥ ಗೆಳತಿ ಇಲ್ಲದವರ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಸರ್ಕಾರದವರು, ನೀವಲ್ಲ.)

ಪ್ರೈವೇಟಿನ ಗೆಳತಿಯ ಬಗ್ಗೆ ನೀವು ಬರೆದದ್ದು ಎರಡೇ ಸಾಲು. ಆಕೆಯ ಲೆಕ್ಕವನ್ನು ನಾನು ಸ್ವಲ್ಪ ವಿವರವಾಗಿ ಹಾಕುತ್ತೇನೆ. ದವಾಖಾನೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಪಾಳಿ, ಅದರಲ್ಲಿ ರಾತ್ರಿಯದೇ ಉದ್ದ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸು ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ಸರ್ಕಾರಿ ಇರಲಿ, ಖಾಸಗಿ ಇರಲಿ, ನೀವು ಕಣ್ಣಾರೆ ಕಂಡ ವಾರ್ಡನ್ನು ನೆನಪಿಸಿಕೊಂಡರೆ ಆ ಮಾನದಂಡ ಕಾಗದದಲ್ಲೇ ಉಳಿದಿದೆ ಎಂದು ತಿಳಿಯುತ್ತದೆ. ಇಡೀ ರಾತ್ರಿ ನಿಂತು, ಬೆಳಿಗ್ಗೆ ಡ್ಯೂಟಿ ಒಪ್ಪಿಸಿ, ಮನೆಗೆ ಹೋಗಿ ಮಲಗಬೇಕಾದವಳು ನಿಮ್ಮ ಅತ್ತೆಯ ಮಂಚಕ್ಕೆ ಬಂದಳು. ನಿಮಗೆ ಕೊಟ್ಟದ್ದು ಆಕೆಯ ನಿದ್ದೆ. ಸಂಜೆ ಮತ್ತೆ ಪಾಳಿ ಇದ್ದೇ ಇತ್ತು.

ಆಕೆ ಕಲಿಸಿದ್ದು ನೆನಪಿರಬೇಕು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು. ಬೆನ್ನಿನ ಕೆಳಗಿನ ಎಲುಬು, ಹಿಮ್ಮಡಿ ಕೆಂಪಾಗಿವೆಯೇ ಎಂದು ದಿನಾ ನೋಡುವುದು. ಸಾಮಾನ್ಯವಾಗಿ ನರ್ಸುಗಳು ಮನೆಯವರಿಗೆ ಮೊದಲು ತಿದ್ದುವ ತಪ್ಪು ಒಂದಿದೆ. ಎಬ್ಬಿಸುವಾಗ ನಾವು ರೋಗಿಯ ಕೈ ಹಿಡಿದು ಜಗ್ಗುತ್ತೇವೆ. ಲಕ್ವಾ ಆದ ಕೈಯ ಭುಜದಲ್ಲಿ ಬಿಗಿ ಇರುವುದಿಲ್ಲ, ಜಗ್ಗಿದರೆ ಕೀಲು ಸಡಿಲಾಗಿ ಮುಂದೆ ತಿಂಗಳುಗಟ್ಟಲೆ ನೋವು. ಅದಕ್ಕೇ ಬೆನ್ನಿನ ಕೆಳಗೆ ಹಾಸಿದ ಮಡಿಸಿದ ಚಾದರದ ಎರಡೂ ತುದಿ ಹಿಡಿದು ಇಬ್ಬರು ಸರಿಸುತ್ತಾರೆ. ಊಟ ಕೂಡಿಸಿಯೇ ಮಾಡಿಸಬೇಕು, ತುತ್ತು ಸಣ್ಣದು, ಬಾಯಿಯ ಗಟ್ಟಿ ಇರುವ ಕಡೆಯಿಂದ. ಇಂದು ಅತ್ತೆಯವರು ಅಂಗಳದವರೆಗೆ ನಡೆಯುತ್ತಿರುವುದರಲ್ಲಿ ಇದೆಲ್ಲದರ ಪಾಲಿದೆ. ಮಾಡಿದವರು ನೀವು, ಕಲಿಸಿದವಳು ಆಕೆ.

ಈಗ ಲಕೋಟೆ. ಹಣ ಕಳಿಸಿದ್ದು ಕೆಟ್ಟ ಮನಸ್ಸಿನಿಂದಲ್ಲ. ನಮ್ಮ ಕಡೆ ಮದುವೆ, ತೊಟ್ಟಿಲು, ಮನೆ ಒಕ್ಕಲು ಯಾವುದೇ ಇರಲಿ, ಯಾರು ಏನು ಆಯೇರಿ ಮಾಡಿದರು ಎಂದು ವಹಿಯಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯ ಬಂದಾಗ ಅದಕ್ಕೆ ಕಡಿಮೆಯಾಗದಂತೆ ತಿರುಗಿಸುತ್ತೇವೆ. ಒಳ್ಳೆಯ ಪದ್ಧತಿಯೇ, ಬೀಗತನ ಹದವಾಗಿ ಉಳಿಯುತ್ತದೆ. ನೀವು ಇದನ್ನೂ ಅದೇ ವಹಿಗೆ ಹತ್ತಿಸಲು ಹೊರಟಿರಿ. ಆದರೆ ಸರ್ಕಾರಿ ನೌಕರಳಿಗೆ ರೋಗಿಯ ಮನೆಯವರಿಂದ ಲಕೋಟೆ ಬಂದರೆ ಅದು ಆಕೆಯ ನೌಕರಿಗೇ ಮುಳ್ಳು. ನಡತೆ ನಿಯಮಗಳು ಅಡ್ಡ ಬರುತ್ತವೆ. ನೋಡಿದವರು "ದುಡ್ಡು ತಗೊಂಡು ಒಳಗ ಬಿಟ್ಲು" ಎನ್ನುತ್ತಾರೆ. ಆಕೆ ವಾಪಸ್ ಕಳಿಸಿದ್ದು ತನ್ನ ಮಾನ ಕಾಯ್ದುಕೊಳ್ಳಲು. ಇನ್ನೊಬ್ಬಳು ಹಣ ಮಾತ್ರ ತಿರುಗಿಸಿ ಸೀರೆ ಇಟ್ಟುಕೊಂಡದ್ದನ್ನು ನೋಡಿ. ಪಂಚಮಿಗೆ ಗೆಳತಿ ಕಳಿಸಿದ ಸೀರೆ ಎಂದು ಆಕೆ ಇಟ್ಟುಕೊಂಡಿದ್ದಾಳೆ, ದುಡ್ಡು ಬಾಡಿಗೆಯಂತೆ ಕಂಡಿರಬೇಕು. ಇಬ್ಬರೂ ಸರಿಯಾಗಿಯೇ ನಡೆದುಕೊಂಡಿದ್ದಾರೆ. ಇನ್ನು ಹೆಚ್ಚಿನ ಬೆಲೆಯದನ್ನು ಹುಡುಕಿ ಕಳಿಸುವ ಯೋಚನೆ ಬಿಡಿ.

ನಿಮ್ಮ ಕಡೆಯದೇ ಇನ್ನೊಂದು ಪದ್ಧತಿಯೂ ಇದೆ. ಕಲಬುರಗಿಯ ಶರಣಬಸವೇಶ್ವರರು ಮೂಲತಃ ಅರಳಗುಂಡಗಿಯವರು, ದಾಸೋಹದಿಂದ ಹೆಸರಾದವರು. ದಾಸೋಹದಲ್ಲಿ ಉಂಡವರು ಎದ್ದು ದುಡ್ಡು ಎಣಿಸುವುದಿಲ್ಲ, ಮುಂದಿನ ಪಂಕ್ತಿಗೆ ಬಡಿಸಲು ನಿಲ್ಲುತ್ತಾರೆ. ನೀವೂ ನಿಲ್ಲಬಹುದು. ನಿಮ್ಮ ಓಣಿಯಲ್ಲಿ ನಾಳೆ ಯಾರದಾದರೂ ಬಾಯಿ ವಾಲಿದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಎಣ್ಣೆ ಬಟ್ಟಲು ಕಸಿದು 108ಕ್ಕೆ ಫೋನ್ ಹಚ್ಚಬೇಕಾದವರು ನೀವು. ಹಾಸಿಗೆ ಹಿಡಿದ ಇನ್ನೊಂದು ಮನೆಯ ಅಜ್ಜಿಯ ಮಗ್ಗಲು ಬದಲಿಸುವುದನ್ನು ಆ ಮನೆಯ ಸೊಸೆಗೆ ನೀವೇ ಕಲಿಸಿ.

ಇದನ್ನು ಹೇಳಲು ಇನ್ನೊಂದು ಕಾರಣ, ಸರ್ಕಾರಿ ದವಾಖಾನೆಯ ಗೆಳತಿಯ ಆ ಫೋನ್ ನಂಬರು. ಅದನ್ನು ಊರಿಗೆಲ್ಲ ಹಂಚಿದ್ದು ತಪ್ಪಾಯಿತು, ತಂಗಿ. ಆಕೆ ಫೋನ್ ಎತ್ತದಿರಲು ಅದೊಂದೇ ಸಾಕು. ಮಧ್ಯರಾತ್ರಿ ಯಾರದೋ ಮಾವನ ಸ್ಕ್ಯಾನ್ ವಾಟ್ಸಾಪಿಗೆ ಬರುತ್ತದೆ. ಯಾರದೋ ಮಗುವಿನ ಜ್ವರಕ್ಕೆ "ಯಾವ ಗುಳಿಗಿ ಕೊಡಮು" ಎಂದು ಕೇಳುತ್ತಾರೆ. ನರ್ಸಿಗೆ ಫೋನಿನ ಮೇಲೆ ಔಷಧ ಬರೆದುಕೊಡುವ ಅಧಿಕಾರವಿಲ್ಲ. ಹೇಳಿದರೆ ಹೊಣೆ ಆಕೆಯ ಕೊರಳಿಗೆ, ಹೇಳದಿದ್ದರೆ ದೊಡ್ಡಸ್ತಿಕೆ ಎಂಬ ಮಾತು. ದವಾಖಾನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಬೈಗುಳ ತಿನ್ನುವವರೂ ನರ್ಸುಗಳೇ. ವೈದ್ಯರು, ನರ್ಸುಗಳ ಮೇಲೆ ಕೈ ಮಾಡುವುದನ್ನು ತಡೆಯಲು 2009ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಯಾರ್‍ಯಾರಿಗೆ ನಂಬರ್ ಕೊಟ್ಟಿದ್ದೀರೋ ಅವರಿಗೆಲ್ಲ ನೀವೇ ಫೋನ್ ಮಾಡಿ, "ಇನ್ನು ಮುಂದೆ ಆಕಿಗಿ ಹಚ್ಚಬ್ಯಾಡ್ರಿ" ಎಂದು ಹೇಳಿ. ಗಾಡಿ ಬೇಕಾದರೆ 108, ಆರೋಗ್ಯದ ಸಲಹೆ ಬೇಕಾದರೆ 104, ನೋಡಿಸಬೇಕಾದರೆ ಜೇವರ್ಗಿ ತಾಲೂಕು ದವಾಖಾನೆ. ನಾಲ್ಕು ಜನ ಮುನಿಸಿಕೊಂಡರೂ ಪರವಾಗಿಲ್ಲ.

ಇಷ್ಟಾದರೂ ನಿಮ್ಮ ಪತ್ರದ ನಿಜವಾದ ವಿಷಯಕ್ಕೆ ನಾನಿನ್ನೂ ಬಂದಿಲ್ಲ. ನೀವು ಅದನ್ನು ಕೊನೆಯಲ್ಲಿ ಒಂದು ಸಾಲು ಬರೆದು ದಾಟಿಸಿದ್ದೀರಿ. ಆಕೆ ಕೆಳಗಿನ ಓಣಿಯವಳು, ನಿಮ್ಮ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು. "ಕೂಡುತ್ತಿದ್ದಳು" ಎಂದು ಬರೆದಿದ್ದೀರಿ. ಒಳಗೆ ಕರೆದಿದ್ದರೆ ಆಕೆ ಹೊರಗೇ ಕೂಡುತ್ತಿದ್ದಳೇ?

ನಿಮ್ಮ ಮನೆಯ ಹೊಸ್ತಿಲು ದಾಟದ ಹುಡುಗಿ ದವಾಖಾನೆಯ ಬಾಗಿಲಲ್ಲಿ ನಿಮ್ಮ ಅತ್ತೆಯವರಿಗಾಗಿ ಕಾದು ನಿಂತಳು. ಅವರನ್ನು ಸ್ಟ್ರೆಚರಿಗೆ ಹಾಕಿದಾಗ, ಸ್ಕ್ಯಾನಿಗೆ ಒಯ್ದಾಗ ಯಾರ ಕೈ ಎಲ್ಲಿ ತಾಗಿತು ಎಂದು ಯಾರೂ ಕೇಳಲಿಲ್ಲ. ಅದಾಗಿ ಇಷ್ಟು ತಿಂಗಳಾದ ಮೇಲೆ ನಿಮ್ಮ ಮನೆಯಿಂದ ಆಕೆಗೆ ಬಂದದ್ದು ಮೈದುನನ ಕೈಯಲ್ಲಿ ಒಂದು ಚೀಲ. "ಮನೆಗೆ ಬಾ" ಎಂಬ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿದೆ, ಇಲ್ಲ. ಸೀರೆ ಯಾಕೆ ವಾಪಸ್ ಬಂತು ಎಂದು ಆಕೆಯ ಮನಸ್ಸಿನೊಳಗೆ ಹೊಕ್ಕು ಹೇಳಲು ನನಗಾಗದು. ನಿಯಮದ ಭಯ ಇದ್ದೀತು, ದಣಿವು ಇದ್ದೀತು. ಆದರೆ ಆಕೆಯ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಆ ಸೀರೆಯನ್ನು ವಾಪಸ್ಸೇ ಕಳಿಸುತ್ತಿದ್ದೆ.

"ಅತ್ತೆಯವರು ಹಳೇ ಕಾಲದವರು" ಎಂಬ ಮಾತನ್ನೂ ಇನ್ನು ಬಿಡಿ. "ಆ ಹುಡುಗಿ ಎಲ್ಲಿ ಹ್ವಾದ್ಳು" ಎಂದು ಕೇಳುತ್ತಿರುವವರು ಅವರೇ. ಸಾವಿನ ಬಾಗಿಲಿಗೆ ಹೋಗಿ ಬಂದ ಮುದುಕಿ ದಾಟಿದ್ದನ್ನು ಓದಿದ ನೀವು, ನಿಮ್ಮ ಯಜಮಾನರು ಇನ್ನೂ ದಾಟಿಲ್ಲ. ನೆರೆಯವರು ಏನೆಂದಾರು ಎಂಬ ಅಳುಕು ನಿಮಗಿದ್ದರೆ, ಆ ನೆರೆಯವರೇ ಅಲ್ಲವೇ ಆಕೆಯ ನಂಬರ್ ಬೇಡಿ ಪಡೆದವರು?

ಆದ್ದರಿಂದ ಕರೆಯುವ ಮಾತು ಅತ್ತೆಯವರ ಬಾಯಿಂದಲೇ ಬರಲಿ. ತೊದಲಿದರೂ ಸರಿ, ಫೋನಿನಲ್ಲಿ ಧ್ವನಿ ರೆಕಾರ್ಡು ಮಾಡಿ ಕಳಿಸಿ. ಎತ್ತದ ಫೋನಿಗೆ ಮೇಲಿಂದ ಮೇಲೆ ಕರೆ ಮಾಡಿ ಪೀಡಿಸಬೇಡಿ. ಅದರ ಕೆಳಗೆ ನೀವು ಎರಡು ಸಾಲು ಬರೆಯಿರಿ: ನಂಬರ್ ಹಂಚಿದ್ದು ತಪ್ಪಾಯಿತು, ಎಲ್ಲರಿಗೂ ಹೇಳಿದ್ದೇನೆ, ನಿನಗೆ ರಜೆ ಯಾವಾಗಿದೆ ಹೇಳು, ಅಂದೇ ಅಡುಗೆ ಮಾಡುತ್ತೇನೆ. ದಿನವನ್ನು ನೀವು ಗೊತ್ತು ಮಾಡಬೇಡಿ. ನರ್ಸುಗಳ ಡ್ಯೂಟಿ ಪಟ್ಟಿಯಲ್ಲಿ ಹಬ್ಬಕ್ಕೂ ರವಿವಾರಕ್ಕೂ ಬೇರೆ ಜಾಗ ಇರುವುದಿಲ್ಲ.

ಬಂದ ದಿನ ಮನೆಯಲ್ಲಿ ಮಂದಿ ಸೇರಿಸಬೇಡಿ. ಪಡಸಾಲೆ ದಾಟಿಸಿ ಒಳಗೆ ಕರೆದೊಯ್ಯಿರಿ. ನೀವು ಉಣ್ಣುವ ತಾಟಿನಲ್ಲೇ ಬಡಿಸಿ, ಜೊತೆಗೇ ಕೂತು ಉಣ್ಣಿ, ಅತ್ತೆಯವರೂ ಕೂಡಲಿ. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಸಾಕು, ಹೋಳಿಗೆಯ ಗದ್ದಲ ಬೇಡ. ಅಂದು ಯಾರೂ ಆಕೆಯ ಮುಂದೆ ತೋಳು ಚಾಚಿ "ಹಂಗೇ ಒಂದೀಟು ಬಿಪಿ ನೋಡು" ಎನ್ನಬಾರದು, ಮನೆಯವರಿಗೆ ಮೊದಲೇ ತಾಕೀತು ಮಾಡಿ. ದೇವರಂಥವಳು, ದೇವತೆ ಎಂದೆಲ್ಲ ಏರಿಸಬೇಡಿ. ದೇವತೆ ಎಂದವರು ದೇವತೆಗೆ ನಿದ್ದೆ ಬೇಕು ಎಂಬುದನ್ನು ಮರೆಯುತ್ತಾರೆ. ಆಕೆ ಮಾಡಿದ್ದನ್ನು ಮಾಡಿದಂತೆಯೇ ಹೇಳಿ: ಅಂದು ನೀನು ನೀರು ಹಾಕಬೇಡ ಎಂದೆ, ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಆಕೆಯ ಸುದ್ದಿ ಕೇಳಿ. ನೌಕರಿ ಕಾಯಂ ಆಗಿದೆಯೋ ಗುತ್ತಿಗೆಯೋ, ನೈಟ್ ಡ್ಯೂಟಿ ದಿನ ಮಕ್ಕಳನ್ನು ಯಾರು ನೋಡುತ್ತಾರೆ, ಅವ್ವ ಹೇಗಿದ್ದಾರೆ. ನಿಮ್ಮ ಇಡೀ ಪತ್ರದಲ್ಲಿ ಆಕೆಯ ಮನೆಯ ಬಗ್ಗೆ ಒಂದು ಮಾತಿಲ್ಲ. ಹೋಗುವಾಗ ಕುಂಕುಮ, ಕುಪ್ಪಸದ ಖಣ ಕೊಟ್ಟು, ಎಲ್ಲ ಗೆಳತಿಯರಿಗೆ ಮಾಡುವಂತೆ ಮಾಡಿ ಕಳಿಸಿ. ಬಸ್ ಸ್ಟ್ಯಾಂಡಿಗೆ ಬಿಟ್ಟು ಬರಲು ಯಜಮಾನರು ಹೋಗಲಿ. ಪಗಾರದ ಮಾತು ಅವರಿಗೆ ಆ ದಾರಿಯಲ್ಲಿ ನೆನಪಾದರೆ ಒಳ್ಳೆಯದು. ಆಕೆ ಬರಲು ಒಪ್ಪದೆಯೂ ಇರಬಹುದು. ಆಗ ನೀವು ಕೆಳಗಿನ ಓಣಿಗೆ, ಆಕೆಯ ಅವ್ವನ ಮನೆಗೆ ಹೋಗಿ. ಕೊಟ್ಟದ್ದನ್ನು ಉಂಡು ಬನ್ನಿ.

ಪ್ರೈವೇಟಿನ ಗೆಳತಿಯನ್ನು ಬೇರೆ ದಿನ, ಬೇರೆಯಾಗಿಯೇ ಕರೆಯಿರಿ. ಒಬ್ಬಳ ನೆರಳಲ್ಲಿ ಇನ್ನೊಬ್ಬಳನ್ನು ಮುಗಿಸಬೇಡಿ.

ಇನ್ನೊಂದು ಮಾತು. ರಾಶಿಯ ಹೊತ್ತಿನಿಂದ ಈವರೆಗೆ ಅತ್ತೆಯವರ ಎಲ್ಲವನ್ನೂ ನೋಡಿಕೊಂಡವರು ನೀವು. ರಾತ್ರಿಯ ಪಾಳಿಯನ್ನಾದರೂ ಯಜಮಾನರಿಗೆ, ಮೈದುನನಿಗೆ ಹಂಚಿ, ಅವರಿಗೂ ಕಲಿಸಿ. ಮನಸ್ಸು ತೀರ ಭಾರವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಳ್ಳ ಅಮಾವಾಸ್ಯೆಗೆ ಇಬ್ಬರನ್ನೂ ಹೊಲಕ್ಕೆ ಕರೆಯುವ ಆಸೆ ನಿಮಗೆ ಬಂದೀತು. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಉಣ್ಣಲು ಊರೇ ಹೊಲದಲ್ಲಿರುತ್ತದೆ. ಕರೆಯಿರಿ, ಆದರೆ ಅದು ಎರಡನೆಯ ಊಟವಾಗಲಿ. ಹೊಲದಲ್ಲಿ ಎಲ್ಲರೂ ಬಯಲಲ್ಲೇ ಕೂಡುತ್ತಾರೆ, ಅಲ್ಲಿ ಯಾರ ಮನೆಯ ಹೊಸ್ತಿಲೂ ಇಲ್ಲ. ಮೊದಲ ಊಟ ನಿಮ್ಮ ಅಡುಗೆಮನೆಯಲ್ಲಿ. ಈ ವಾರವೇ ಆಕೆಯ ರಜೆ ಯಾವಾಗ ಎಂದು ಕೇಳಿ, ಸೀರೆಯ ಮಾತು ಎತ್ತಬೇಡಿ.